ಬಳೆ ಅಂಗಡಿಯಲ್ಲಿ ಯುವರಾಣಿ

ನಮ್ಮ ಘಟಕದ ಪೋಸ್ಟರುಗಳಲ್ಲಿ ಮುಖಗಳಿರಲಿಲ್ಲ, ಕೈಕಾಲುಗಳಷ್ಟೇ ಇದ್ದವು. ಬೆರಳು ಮಡಚಿಕೊಂಡ ಕೈ, ಹುಣ್ಣಾದ ಅಂಗಾಲು, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಕುಷ್ಠರೋಗ ವಾಸಿಯಾಗುತ್ತದೆ ಎಂಬ ಸಾಲು. ಚಿತ್ರ ಕಂಡವರು ಸಾಲು ಓದುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಬೇತಮಂಗಲದಲ್ಲಿ ಗುರುವಾರದ ಕ್ಲಿನಿಕ್ ನಡೆಯುತ್ತಿದ್ದ ಕೋಣೆ ಬಸ್ಸು ನಿಲ್ಲುವ ಜಾಗದ ಎದುರಿಗೇ ಇತ್ತು. ಜನ ಬಿಸಿಲಲ್ಲಿ ನಿಂತು ಬಸ್ಸಿಗೆ ಕಾಯುತ್ತಿದ್ದರೇ ಹೊರತು ನಮ್ಮ ಜಗಲಿಯ ನೆರಳಿಗೆ ಬರುತ್ತಿರಲಿಲ್ಲ.

ನಾನು ಆ ಘಟಕದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಬಂಗಾರಪೇಟೆಯಲ್ಲಿ ಒಂದು ಬಾಡಿಗೆ ಕೋಣೆ. ಅಲ್ಲಿಂದ ವಾರಕ್ಕೊಮ್ಮೆ ಬೇತಮಂಗಲ, ಇನ್ನೊಂದು ದಿನ ಕೆ.ಜಿ.ಎಫ್.ನ ನಂದಿದುರ್ಗದ ಲೈನುಗಳು, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳು. ಮಾತ್ರೆ ಕೊಡುವುದು ವೈದ್ಯರ ಕೆಲಸ. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಶುರುಮಾಡಿದ ಸ್ವಲ್ಪ ಕಾಲದಲ್ಲೇ ರೋಗ ಇನ್ನೊಬ್ಬರಿಗೆ ಹರಡದಂತೆ ಮಾಡುತ್ತದೆ. ಆದರೆ ಅಷ್ಟರೊಳಗೆ ಸತ್ತುಹೋದ ನರವನ್ನು ಅದು ಬದುಕಿಸುವುದಿಲ್ಲ. ಸ್ಪರ್ಶ ಹೋದ ಕೈಯನ್ನು ಸುಡದಂತೆ, ಕೊಯ್ಯದಂತೆ, ಬಿಗಿದುಹೋಗದಂತೆ ಇಟ್ಟುಕೊಳ್ಳುವುದು ಹೇಗೆಂದು ಕಲಿಸುವುದು ನನ್ನ ಪಾಲಿಗೆ ಬಂದಿತ್ತು.

ನನ್ನೊಂದಿಗೆ ಓಡಾಡುತ್ತಿದ್ದ ಕ್ಷೇತ್ರ ಕಾರ್ಯಕರ್ತರೊಬ್ಬರು ನಂದಿದುರ್ಗದ ಲೈನಿನಲ್ಲೇ ಹುಟ್ಟಿ ಬೆಳೆದವರು. ಐವತ್ತು ದಾಟಿದ ವಯಸ್ಸು, ಮೂರು ಭಾಷೆಯ ಬಾಯಿ. ಒಂದು ಗುರುವಾರ ಅವರೇ ಪೋಸ್ಟರಿನ ಮಾತು ತೆಗೆದರು.

“ಮೇಡಂ, ಇದನ್ ನೋಡುದ್ರೆ ನಂಗೇ ಬಯ ಆಯ್ತದೆ. ಜನ ಎಂಗ್ ಬತ್ತಾರೆ?”

“ಬೇರೇನು ಹಾಕೋಣ ಹೇಳಿ.”

ಅವರು ಚೀಲದಿಂದ ಎರಡು ರಟ್ಟಿನ ನಡುವೆ ಜೋಪಾನವಾಗಿಟ್ಟಿದ್ದ ಒಂದು ಪುಟ ತೆಗೆದರು. ಯಾವುದೋ ಇಂಗ್ಲಿಷ್ ವಾರಪತ್ರಿಕೆಯದು. ಇಂಗ್ಲೆಂಡಿನ ಯುವರಾಣಿ ಕುಷ್ಠರೋಗದ ಆಸ್ಪತ್ರೆಯೊಂದರಲ್ಲಿ ರೋಗಿಯ ಪಕ್ಕ ಕುಳಿತಿದ್ದಾರೆ. ಕೈಗೆ ಗವಸಿಲ್ಲ. ರೋಗಿಯ ಕೈ ಅವರ ಕೈಯೊಳಗಿದೆ.

“ನನ್ ಎಂಡ್ತೀದು. ಅವ್ಳ ಟ್ರಂಕಿನ ಮುಚ್ಚಳದೊಳ್ಗೆಲ್ಲಾ ಈಯಮ್ಮನೇ. ಈಯಮ್ಮನ್ ಮದ್ವೆ ದಿನದಿಂದ ಕತ್ರಿಸಿ ಕತ್ರಿಸಿ ಅಂಟಿಸವ್ಳೆ. ನಂದು ಒಂದ್ ಫೋಟೊ ಇಲ್ಲ ಅದ್ರಾಗೆ. ಮಡಚ್ದಂಗೆ ವಾಪಸ್ ತರ್ಬೇಕು ಅಂತ ಆಣೆ ಇಡ್ಸವ್ಳೆ.”

ಕೆ.ಜಿ.ಎಫ್.ನಲ್ಲಿ ಇದು ಅವರೊಬ್ಬರ ಹೆಂಡತಿಯ ಹುಚ್ಚಾಗಿರಲಿಲ್ಲ. ಇಂಗ್ಲಿಷರ ಕಾಲದ ಗಣಿ ಊರು ಅದು. ಹಳೆಯ ರಾಣಿಯರ ಪಟಗಳು ಕೆಲವು ಮನೆಗಳಲ್ಲಿ ಗೋಡೆ ಬಿಟ್ಟು ಇಳಿದೇ ಇರಲಿಲ್ಲ. ಆದರೆ ಈ ಯುವರಾಣಿಯ ಮೇಲಿನ ಪ್ರೀತಿಯ ಬಗೆಯೇ ಬೇರೆ. ಇವರು ಅಧಿಕಾರ ನಡೆಸಿದವರಲ್ಲ, ಗೋಡೆಯ ಮೇಲಿಂದ ನೋಡಿದವರಲ್ಲ. ಟೈಲರುಗಳು ಇವರ ಕಾಲರನ್ನು ಮಕ್ಕಳ ಫ್ರಾಕಿಗೆ ಹೊಲಿಯುತ್ತಿದ್ದರು. ಕ್ರಿಸ್‌ಮಸ್‌ಗೆ ಮುಂಚೆ ಹುಡುಗಿಯರು ಇವರಂತೆ ಕೂದಲು ಕತ್ತರಿಸಿಕೊಂಡು ಅಮ್ಮಂದಿರ ಕೈಲಿ ಬೈಸಿಕೊಳ್ಳುತ್ತಿದ್ದರು. ಲೈನಿನ ಒಬ್ಬ ತಮಿಳು ಅಜ್ಜಿ ಇವರ ಮಾತು ಬಂದಾಗಲೆಲ್ಲ “ನಮ್ಮ ಪೊಣ್ಣು” ಎನ್ನುತ್ತಿದ್ದರು, ಪಕ್ಕದ ಲೈನಿಗೆ ಮದುವೆ ಮಾಡಿಕೊಟ್ಟ ಮಗಳ ಹಾಗೆ.

ನಾವು ಹಳೆಯ ಪೋಸ್ಟರು ಇಳಿಸಿ ಆ ಪುಟವನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿದೆವು. ಮುಂದಿನ ಗುರುವಾರ ಜಗಲಿ ತುಂಬಿತು.

“ಕೂದ್ಲು ನೋಡೆ, ಚಿನ್ನದ್ ದಾರ ಇದ್ದಂಗೈತೆ.”

“ಸೀರೆ ಉಟ್ಟಿದ್ರೆ ಇನ್ನೂ ಚೆಂದಾಗಿರೋರು.”

“ಅಲ್ಲೇ, ರಾಣಿ ಅಂತೀಯ, ಕೈನಾಗೆ ಒಂದ್ ಬಳೆನೂ ಇಲ್ವಲ್ಲೇ!”

ಯುವರಾಣಿ ಹಿಡಿದಿದ್ದ ಇನ್ನೊಂದು ಕೈಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ನಾನೇ ಹೇಳಿದೆ: ಇದು ಮುಟ್ಟಿದ ಮಾತ್ರಕ್ಕೆ ಅಂಟುವ ರೋಗವಲ್ಲ, ನೋಡಿ, ಇವರು ಬರಿಗೈಯಲ್ಲಿ ಹಿಡಿದಿದ್ದಾರೆ. ಗುಂಪಿನಲ್ಲಿದ್ದ ಒಬ್ಬ ಹೆಂಗಸು ನಕ್ಕುಬಿಟ್ಟರು.

“ಅಯ್ಯೋ ಮೇಡಮ್ಮ, ಅವ್ರು ರಾಣಿಯಮ್ಮ. ಅವ್ರಿಗೆ ಅಂಟ್ಕಂತದಾ? ಉಟ್ಟಾಗ್ಲೇ ಸೂಜಿ ಆಕ್ಸಿರ್ತಾರೆ.”

“ನಾನೂ ದಿನಾ ಮುಟ್ಟುತ್ತೇನಲ್ಲಮ್ಮ.”

“ನೀವು ಡಾಕ್ಟ್ರಮ್ಮ. ನಿಮ್ಗೂ ಆಕ್ಸಿರ್ತಾರೆ.”

ಎಲ್ಲರೂ ಒಪ್ಪಿದರು. ನನಗೂ ಯುವರಾಣಿಗೂ ಒಂದೇ ಸೂಜಿ ಎಂದು ತೀರ್ಮಾನವಾಯಿತು. ಆ ಮಾತಾಡಿದ ಹೆಂಗಸನ್ನು ನಾನು ಬಲ್ಲೆ. ಹತ್ತಿರದ ಹಳ್ಳಿಯವರು, ಎರಡು ಸೀಮೆಹಸು ಸಾಕಿ ಡೇರಿಗೆ ಹಾಲು ಹಾಕುವವರು. ಅವರ ಸೊಸೆ ನನ್ನ ರೋಗಿ.

ಸೊಸೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಮಾತ್ರೆಯ ಅವಧಿ ಮುಗಿಯುತ್ತ ಬಂದಿತ್ತು, ರೋಗ ಹತೋಟಿಯಲ್ಲಿತ್ತು. ಮಾತ್ರೆಯಿಂದ ಮೈ ಸ್ವಲ್ಪ ಕಪ್ಪಾಗಿತ್ತು, ಅದು ಕ್ರಮೇಣ ತಿಳಿಯಾಗುವಂಥದ್ದು. ಎಡಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಮಾತ್ರ ಮಡಚಿಕೊಂಡಿದ್ದವು. ಅಂಗೈಯ ಆ ಅಂಚಿನಲ್ಲಿ ಸ್ಪರ್ಶವಿರಲಿಲ್ಲ. ಆಕೆ ಏಳು ತಿಂಗಳ ಬಸುರಿ. ಅಂದು ಜನ ಚದುರಿದ ಮೇಲೆ ಒಳಗೆ ಬಂದು ಸೆರಗಿನಡಿಯಿಂದ ಎಡಗೈ ತೆಗೆದಳು. ಅಂಗೈಯಂಚಿನಲ್ಲಿ ಗಾಜು ಸೀಳಿದ ಗಾಯ, ಒಳಗೆ ಕೀವು.

“ಇದು ಯಾವಾಗ ಆಯಿತು?”

“ಗೊತ್ತಾಗ್ಲಿಲ್ಲ ಅಕ್ಕ. ಸೀರೆ ಮೇಲೆ ರಕ್ತ ಕಂಡಾಗ್ಲೇ ನೋಡ್ಕಂಡಿದ್ದು.”

ಗಾಯ ತೊಳೆಯುತ್ತ ಕೇಳಿದೆ. ಊರಿಗೆ ಬಳೆ ಮಾರುವವಳು ಬಂದಿದ್ದಳಂತೆ. ಮನೆಯ ಹೆಂಗಸರಿಗೆಲ್ಲ ಕೈ ಹಿಡಿದು ತೊಡಿಸಿದಳಂತೆ. ಇವಳ ಸರದಿ ಬಂದಾಗ ಬಳೆಗಳನ್ನು ಕಲ್ಲಿನ ಮೇಲಿಟ್ಟು, ನೀನೇ ತೊಟ್ಟುಕೋ ಎಂದಳಂತೆ. ಮಡಚಿದ ಬೆರಳಿನ ಮೇಲೆ ಒತ್ತಿದಾಗ ಬಳೆಗಳು ಒಂದರ ಹಿಂದೊಂದು ಒಡೆದವು.

“ಅತ್ತೆ ಏನೂ ಬಯ್ಲಿಲ್ಲ ಅಕ್ಕ. ಸೀಮಂತ ಬ್ಯಾಡ ಬಿಡು ಅಂದ್ರು. ಬಳೆ ತೊಡ್ಸಕ್ಕೆ ಯಾರೂ ಬರಾಕಿಲ್ಲ, ಜನದ ಮುಂದೆ ಯಾಕೆ ಮರ್ಯಾದೆ ಕಳ್ಕಳಾದು ಅಂತ.”

“ಬಳೆ ಇಲ್ಲದೆ ಹೂವು ಮುಡಿಸಿ ಮಾಡಬಹುದಲ್ಲ.”

ಆಕೆ ತನ್ನ ಎಡಗೈ ನೋಡುತ್ತ ಕೇಳಿದಳು: “ಇವತ್ತು ಈ ಕೈ ಇಡ್ಕಳಾಕೆ ಆಗ್ದೋರು ನಾಳೆ ಈ ಕೈಗೆ ಕೂಸು ಕೊಡ್ತಾರಾ ಅಕ್ಕ?”

ಪಟ್ಟಿ ಸುತ್ತಿ, ನೆನೆಯದಂತೆ ನೋಡಿಕೋ ಎಂದಷ್ಟೇ ಹೇಳಿದೆ.

ನನ್ನ ತರಬೇತಿ ನನಗೆ ಹೇಳುತ್ತಿದ್ದುದು ಸ್ಪಷ್ಟವಾಗಿತ್ತು: ಸ್ಪರ್ಶವಿಲ್ಲದ ಕೈಗೆ ಗಾಜು ಬೇಡ. ರೋಗಿಗಳಿಗೆ ಮರದ ಹಿಡಿಯ ಸೌಟು, ಬಟ್ಟೆ ಸುತ್ತಿದ ಲೋಟ ಕೊಡುವವರು ನಾವು. ಗಾಜಿನ ಬಳೆಗೆ ಹೇಗೆ ಹೂಂ ಎನ್ನಲಿ? ಮರುವಾರ ಪ್ಲಾಸ್ಟಿಕ್ ಬಳೆಯ ಮಾತೆತ್ತಿದೆ. ಆಕೆ ಅಂದು ಕೈಗೆ ವ್ಯಾಯಾಮವನ್ನೇ ಮಾಡಲಿಲ್ಲ. ಎಣ್ಣೆ ಹಚ್ಚಿಕೊಂಡು, ಕಿಟಕಿಯ ಕಡೆ ನೋಡುತ್ತ ಕುಳಿತು, ಬಸ್ಸು ಬಂದಾಗ ಎದ್ದು ಹೋದಳು. ಮಾತ್ರೆ ಶುರುವಾದಂದಿನಿಂದ ಒಂದು ದಿನವೂ ವ್ಯಾಯಾಮ ತಪ್ಪಿಸದಿದ್ದ ಹುಡುಗಿ. ಈ ಕೈಯನ್ನು ಯಾರಿಗಾಗಿ ನೇರ ಮಾಡಿಕೊಳ್ಳಬೇಕೆಂಬುದೇ ಅವಳಿಗೆ ತಿಳಿಯದಾಗಿತ್ತು ಎಂದು ನನಗನ್ನಿಸಿತು. ಅದು ಗಾಜಿಗಿಂತ ದೊಡ್ಡ ಅಪಾಯ.

ನಾನು ತೀರ್ಮಾನ ಮಾಡಿದ್ದು ಆಗ. ಗಾಜಿನ ಬಳೆಯೇ ಆಗಲಿ, ಆದರೆ ಎರಡು ಷರತ್ತು. ಒಂದು, ತೊಡಿಸುವವರು ಕೈ ಹಿಡಿದೇ ತೊಡಿಸಬೇಕು. ಎರಡು, ಬಳೆ ಕೈಯಲ್ಲಿರುವಷ್ಟು ದಿನವೂ ಮನೆಯವರೊಬ್ಬರು ಸಂಜೆ ಆ ಕೈಯನ್ನು ತಿರುಗಿಸಿ ನೋಡಬೇಕು, ಗೀರು ಬಿದ್ದಿದೆಯೇ, ಬಿಸಿ ಇದೆಯೇ ಎಂದು. ನೋಡುವುದೆಂದರೆ ಮುಟ್ಟಿ ನೋಡುವುದು. ಬಿಸಿ ಕಣ್ಣಿಗೆ ಕಾಣುವುದಿಲ್ಲ.

ಬಂಗಾರಪೇಟೆಯ ಮಾರುಕಟ್ಟೆಯಲ್ಲಿ ನಾನು ದಿನಾ ದಾಟಿಹೋಗುತ್ತಿದ್ದ ಒಂದು ಬಳೆ ಅಂಗಡಿಯಿತ್ತು. ಅಂಗಡಿಯ ಯಜಮಾನಿ ಗಟ್ಟಿ ದನಿಯ, ಗಟ್ಟಿ ಹಿಡಿತದ ಹೆಂಗಸು. ದೇವರ ಪಟಗಳ ಸಾಲಿನಲ್ಲಿ ಯುವರಾಣಿಯ ಮದುವೆಯ ಚಿತ್ರಕ್ಕೂ ಅವರು ಕುಂಕುಮವಿಟ್ಟಿದ್ದರು. ಅದನ್ನು ನೆನೆದೇ ಪುಟವನ್ನು ಚೌಕಟ್ಟಿನಿಂದ ತೆಗೆದು ಚೀಲದಲ್ಲಿಟ್ಟುಕೊಂಡು ಹೋದೆ.

“ಬನ್ನಿ ಮೇಡಮ್ಮ. ಎಷ್ಟ್ ವರ್ಸದಿಂದ ನೋಡ್ತಾ ಇವ್ನಿ, ಬರೀ ವಾಚು. ಇವತ್ತಾದ್ರೂ ಬಳೆ ಇಡ್ಸ್ಕಳಿ.”

ಬಳೆ ನನಗಲ್ಲ ಎಂದು ವಿಷಯ ಹೇಳಿದೆ. ಅವರ ಮುಖದ ನಗು ನಿಂತಿತು. ಪುಟವನ್ನು ಕೊಟ್ಟೆ. ಬಹಳ ಹೊತ್ತು ನೋಡಿದರು. ಮುಖವನ್ನಲ್ಲ, ಕೈಯನ್ನು.

“ನಮ್ ರಾಣಿ ತಾಯಿ ಇಂಥೋರ್ ಕೈನೂ ಇಡ್ದವ್ರಲ್ಲಾ!” ಎಂದು ಪಟವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಕೆಳಗಿಟ್ಟು ಹೇಳಿದರು: “ಆದ್ರೆ ಮೇಡಮ್ಮ, ಅವ್ರು ಈ ಕೈ ಬಿಟ್ಟು ಅರಮನೆಗೋದ್ರು. ನಾನು ಈ ಕೈ ಬಿಟ್ಟು ಇನ್ನೊಬ್ರ ಕೈ ಇಡೀಬೇಕು. ಗೊತ್ತಾದ್ರೆ ಯಾರ್ ಕೈ ಕೊಡ್ತಾರೆ ನಂಗೆ?”

ಅದಕ್ಕೆ ಒತ್ತಾಯ ಮಾಡುವ ಹಕ್ಕು ನನಗಿರಲಿಲ್ಲ. ಅವರ ಬದುಕು ಇರುವುದೇ ಇತರರು ಚಾಚುವ ಕೈಗಳ ಮೇಲೆ. ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂದು ಕೇಳಿದಷ್ಟಕ್ಕೆಲ್ಲ ಉತ್ತರಿಸಿ ಎದ್ದೆ. “ಪಟ ಎಲ್ಡ್ ದಿನ ಇಲ್ಲೇ ಇರ್ಲಿ” ಎಂದರು. ಕಾರ್ಯಕರ್ತರ ಹೆಂಡತಿಯ ಆಣೆ ನೆನಪಾಯಿತು. ಮಡಚಬೇಡಿ ಎಂದು ಹೇಳಿ ಬಿಟ್ಟುಬಂದೆ.

ಎರಡು ದಿನ ಕಳೆದು ಹೋದಾಗ ಪುಟ ದೇವರ ಸಾಲಿನಲ್ಲಿರಲಿಲ್ಲ. ಗಿರಾಕಿಗಳು ಕೈ ಚಾಚುವ ಮಣೆಯ ಎದುರಿಗೆ, ಕಣ್ಣಿನ ಮಟ್ಟಕ್ಕೆ ಅಂಟಿಸಿದ್ದರು. ಒಬ್ಬ ಹೆಂಗಸು ಕೈಕೊಟ್ಟು ಕುಳಿತಿದ್ದಳು. ಅಂಗಡಿಯಾಕೆ ಅವಳ ಹೆಬ್ಬೆರಳನ್ನು ಒಳಗೆ ಮಡಚಿ, ಗೆಣ್ಣುಗಳನ್ನು ಒತ್ತಿ ಬಳೆ ಜಾರಿಸುತ್ತ ಮಾತಾಡುತ್ತಿದ್ದರು.

“ಆ ರೋಗ ಇರೋ ಕೈನೇ ಇಡ್ದವ್ರೆ ನೋಡಮ್ಮಿ ನಮ್ ರಾಣಿ. ಮಾತ್ರೆ ತಕಂಡೋರ್ದು ಅಂಟಾಕಿಲ್ವಂತೆ. ನಾಳೆ ಅಂಥೋರಿಗೂ ನಾನು ಬಳೆ ಇಡುಸ್ದೆ ಅನ್ಕೊ. ಆಮೇಲೆ ನೀನು ಬತ್ತೀಯೋ, ಇಲ್ಲ ಆ ಕಡೆ ಅಂಗ್ಡಿಗೆ ಓಯ್ತೀಯೋ?”

“ಅಯ್ಯೋ, ಆ ಕಡೆಯವ್ನು ಕೈ ಮುರೀತಾನೆ. ನಿಮ್ ತಾವ್ಲೇ ಬತ್ತೀನಿ ಬಿಡಿ,” ಎಂದಳು ಗಿರಾಕಿ, ಕಣ್ಣು ಪಟದ ಮೇಲಿಟ್ಟು.

ಬಂದವರನ್ನೆಲ್ಲ ಹೀಗೇ ಕೇಳಿದ್ದರಂತೆ. ಒಬ್ಬಾಕೆ ಮಾತ್ರ ಕೈ ಹಿಂದಕ್ಕೆ ಎಳೆದುಕೊಂಡು ಎದ್ದುಹೋದಳಂತೆ. “ಓಗ್ಲಿ ಬಿಡಿ, ಅವ್ಳು ಬಲೇ ಚೌಕಾಸಿ” ಎಂದರು ಯಜಮಾನಿ.

ಕ್ಲಿನಿಕ್ಕಿನಲ್ಲಿ ಅದೇ ಚಿತ್ರ ಏಕೆ ಸೋತಿತು, ಇಲ್ಲಿ ಏಕೆ ಗೆದ್ದಿತು ಎಂದು ಆಮೇಲೆ ಯೋಚಿಸಿದ್ದೇನೆ. ಅಲ್ಲಿ ಅದು ನಾವು ಹೇಳಿಕೊಡುವ ಪಾಠವಾಗಿತ್ತು. ಇಲ್ಲಿ ನೋಡುವವಳ ಕೈಯೇ ಆ ಹೊತ್ತಿನಲ್ಲಿ ಇನ್ನೊಬ್ಬರ ಕೈಯೊಳಗಿತ್ತು.

ಮುಂದಿನದು ಅಳತೆಯ ಕೆಲಸ. ಯಜಮಾನಿ ಬೇತಮಂಗಲಕ್ಕೇ ಬಂದು ಹುಡುಗಿಯ ಕೈ ನೋಡಿದರು. ಬಲಗೈಗೆ ಎರಡು-ನಾಲ್ಕರ ಅಳತೆಯ ಬಳೆ ಸರಿಹೋಗುತ್ತಿತ್ತು. ಎಡಗೈಗೆ ಅದಕ್ಕಿಂತ ಎರಡು ಅಳತೆ ದೊಡ್ಡದು, ಎರಡು-ಎಂಟು, ಬೇಕೆಂದರು. ಅಷ್ಟು ದೊಡ್ಡದು ಮಣಿಕಟ್ಟಿನಲ್ಲಿ ಸಡಿಲವಾಗಿ ಬಡಿದಾಡಿ ಒಡೆಯುತ್ತದೆ ಎಂದೂ ಅವರೇ ಹೇಳಿದರು. ಕಾರಣ ನನಗೆ ಗೊತ್ತಿತ್ತು. ಆ ಎರಡು ಬೆರಳುಗಳಿಗೆ ಬರುವ ನರ ಹೋದಾಗ ಅಂಗೈ ಬೊಗಸೆಯಾಗುವ ಶಕ್ತಿ ಕಳೆದುಕೊಂಡು ಚಪ್ಪಟೆಯಾಗುತ್ತದೆ. ಗೆಣ್ಣುಗಳ ಬಳಿ ಅಗಲ ಹೆಚ್ಚುತ್ತದೆ. ನರವನ್ನು ನಾನು ತರಲಾರೆ, ಆದರೆ ಬಿಗಿದ ಕೀಲುಗಳನ್ನು ಸಡಿಲಿಸಬಲ್ಲೆ. ತಣ್ಣೀರಿನಲ್ಲಿ ಕೈ ನೆನೆಸುವುದು, ಒದ್ದೆಯಿರುವಾಗಲೇ ಎಣ್ಣೆ ಸವರುವುದು, ಆಮೇಲೆ ಅಂಗೈಯ ಎರಡು ಅಂಚನ್ನು ಹಿಡಿದು ಮೆಲ್ಲಗೆ ಬೊಗಸೆಯಾಗಿ ಒತ್ತುವುದು. ಗಾಯ ಮಾಗಿದ ದಿನದಿಂದ ಆಕೆ ಬೆಳಿಗ್ಗೆ ಸಂಜೆ ಇದನ್ನು ಮಾಡಿದಳು. ಈಗ ಹೇಳಬೇಕಾಗಿರಲಿಲ್ಲ. ಯಜಮಾನಿ ಪ್ರತಿ ವಾರ ಒಂದು ಲೋಹದ ಬಳೆ ಹಾಕಿ ನೋಡುತ್ತಿದ್ದರು. ಎರಡು-ಎಂಟು ಎರಡು-ಆರಕ್ಕೆ ಇಳಿದು ನಿಂತಿತು. “ಸಾಕು ಬಿಡಿ, ಇನ್ನು ನಂಗ್ ಬಿಡಿ” ಎಂದರು.

ಅತ್ತೆಯನ್ನು ಒಪ್ಪಿಸಲು ಕಾರ್ಯಕರ್ತರು ಹೋದರು. ಬಂಗಾರಪೇಟೆಯ ಬಳೆ ಅಂಗಡಿಯಾಕೆ ತಾನಾಗಿ ಬರುತ್ತಾಳೆಂದ ಮೇಲೆ ಬೇಡವೆನ್ನಲು ಆ ತಾಯಿಗೆ ದಾರಿಯಿರಲಿಲ್ಲ. ಆದರೆ ಒಂದು ಮಾತು ಹೇಳಿ ಕಳಿಸಿದರು: ಸೊಸೆಗೆ ಕೊನೆಗೆ ತೊಡಿಸಲಿ, ಬಂದವರು ಮುಜುಗರ ಪಡಬಾರದು. ಸೀಮಂತದಲ್ಲಿ ಮೊದಲ ಬಳೆ ಬಸುರಿಗೆ. ಅವಳಿಗಾದ ಮೇಲೆಯೇ ಮಿಕ್ಕವರಿಗೆ. ಯಜಮಾನಿ ನನ್ನ ಮುಖ ನೋಡಿದರು. ಕೊನೆಗೆ ಎಂದು ಒಪ್ಪಿಕೊಂಡರೆ ಎಲ್ಲವೂ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಆ ಕೈಯ ಬಗ್ಗೆ ಇದ್ದ ಭಯವೂ ಇದ್ದಲ್ಲೇ ಇರುತ್ತಿತ್ತು. ಮೊದಲು ತೊಡಿಸುವುದಾದರೆ ಮಾತ್ರ ಬರುತ್ತೇವೆ ಎಂದು ಹೇಳಿ ಕಳಿಸಿದೆ.

ಆ ದಿನ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಯುವರಾಣಿಯ ಪಟವನ್ನು ತಂದಿರಲಿಲ್ಲ. ಕಾರ್ಯಕರ್ತರ ಹೆಂಡತಿ ಅದನ್ನು ಆಗಲೇ ಟ್ರಂಕಿಗೆ ಸೇರಿಸಿಕೊಂಡಿದ್ದರು. ಹುಡುಗಿ ಮಣೆಯ ಮೇಲೆ ಕುಳಿತಳು. ಯಜಮಾನಿ ಎದುರಿಗೆ ಕುಳಿತು ಮೊದಲು ಬಲಗೈ ಮುಗಿಸಿದರು. ಎಡಗೈಗೆ ಎಣ್ಣೆ ಸವರಿ, ಮಡಚಿದ ಎರಡು ಬೆರಳುಗಳನ್ನು ಒಂದೊಂದಾಗಿ ನೀಳ ಮಾಡಿ ತಮ್ಮ ಬೆರಳುಗಳ ನಡುವೆ ಸೇರಿಸಿಕೊಂಡರು. ಅಂಗೈಯನ್ನು ಬೊಗಸೆ ಮಾಡಿ ಒತ್ತಿದರು. ಎರಡು-ಆರರ ಹಸಿರು ಬಳೆ ಗೆಣ್ಣಿನ ಬಳಿ ನಿಂತಿತು. ಯಜಮಾನಿ ಅವಸರ ಮಾಡಲಿಲ್ಲ. ಹುಡುಗಿಯ ಮುಖ ನೋಡುತ್ತ, “ಗಂಡನ್ ಎಸ್ರೇಳು” ಎಂದರು. ಅವಳು ನಾಚಿ ಕೈ ಸಡಿಲ ಬಿಟ್ಟಾಗ ಬಳೆ ಜಾರಿ ಮಣಿಕಟ್ಟಿಗೆ ಇಳಿಯಿತು. ಅದರ ಹಿಂದೆ ಉಳಿದವು.

ಮುಗಿದ ಮೇಲೆ ಯಜಮಾನಿ ಕೈ ತೊಳೆಯಲಿಲ್ಲ, ಸೆರಗಿಗೆ ಒರೆಸಿಕೊಳ್ಳಲೂ ಇಲ್ಲ. ಎಣ್ಣೆಗೈಯನ್ನೇ ಮುಂದೆ ಚಾಚಿ ಕೇಳಿದರು: “ಊಂ, ಯಾರ್ ಬತ್ತೀರಿ?”

ಒಬ್ಬರೂ ಏಳಲಿಲ್ಲ. ನಾನು ಕೈಕೊಡಲು ಎದ್ದೆ. ಎದ್ದವಳು ಹಾಗೇ ಕುಳಿತೆ. ನನಗೆ ಸೂಜಿ ಹಾಕಿದ್ದಾರಲ್ಲ. ನನ್ನ ಕೈಯಿಂದ ಅಲ್ಲಿ ಏನೂ ಸಾಬೀತಾಗುತ್ತಿರಲಿಲ್ಲ.

ಯಜಮಾನಿ ಅತ್ತೆಯ ಕಡೆ ತಿರುಗಿದರು. “ಏನಮ್ಮ ಬೀಗ್ತಿ, ನಿಮ್ಮನೇ ಸೀಮಂತ, ನೀನೇ ಬರೀಗೈಲಿ ಕುಂತ್ರೆ ಎಂಗೆ? ಅಸಿನ್ ಕೆಚ್ಲು ಇಡ್ಯೋ ಕೈ ಅಲ್ವಾ, ಎಲ್ಡ್-ಎಂಟೂ ಇಡ್ಸಾಕಿಲ್ಲ ಅಂತ ನಾಚ್ಕೆನಾ?”

ಹೆಂಗಸರಲ್ಲಿ ನಗು ಎದ್ದಿತು. ಅತ್ತೆ ನಗಲಿಲ್ಲ. ಸೊಸೆಯ ಕೈಯ ಮೇಲಿನ ಬಳೆಗಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಎದ್ದುಬಂದು ಎದುರಿಗೆ ಕುಕ್ಕರಿಸಿ ಕೈ ಚಾಚಿದರು. “ಎಲ್ಡ್-ಆರೇ ಇಡ್ಸು. ನೋಡೇಬಿಡಾನ” ಎಂದರು. ಎರಡು-ಆರು ಹೋಗಲಿಲ್ಲ, ಒಂದು ಒಡೆಯಿತು ಕೂಡ. ಅಷ್ಟು ಹೊತ್ತಿಗೆ ಅವರ ಹಿಂದೆ ಸಾಲು ಕಟ್ಟಿತ್ತು.

ಊಟದ ನಂತರ ನಾನು ಹುಡುಗಿಯನ್ನು ಒಳಗೆ ಕರೆದು ಕೈ ಪರೀಕ್ಷಿಸಿದೆ. ಗೆಣ್ಣಿನ ಬಳಿ ಚರ್ಮ ಕೆಂಪಾಗಿತ್ತು, ಸೀಳಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಎರಡನೆಯ ಷರತ್ತನ್ನು ಯಾರಿಗೆ ಹೇಳಲಿ ಎಂದು ಹಿಂದಿನ ದಿನದಿಂದ ಯೋಚಿಸುತ್ತಿದ್ದೆ. ಗಂಡನಿಗೆ ಹೇಳೋಣವೆಂದುಕೊಂಡಿದ್ದೆ.

“ಇದನ್ ದಿನಾ ನೋಡ್ಬೇಕು ಅಂದ್ರಂತೆ, ಇವ್ಳೇ ಅಂದ್ಲು,” ಎಂದರು ಅತ್ತೆ. “ಎಂಗ್ ನೋಡಾದು?”

ತೋರಿಸಿದೆ. ಬಳೆಗಳನ್ನು ಮೇಲೆ ಸರಿಸುವುದು, ಅಂಗೈಯಂಚನ್ನು ಬೆಳಕಿಗೆ ಹಿಡಿಯುವುದು, ಬೆರಳಿನ ಹಿಂಬದಿಯಿಂದ ಸವರಿ ಎಲ್ಲಿ ಬಿಸಿಯಿದೆ ಎಂದು ನೋಡುವುದು. ಅವರು ನನ್ನ ಪಕ್ಕ ಕುಳಿತು ಸೊಸೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಕರುವಿನ ಮೈಯಲ್ಲಿ ಉಣ್ಣೆಹುಳ ಹುಡುಕುವವರಂತೆ ಬಗ್ಗಿ, ಬಳೆಗಳನ್ನು ಒಂದೊಂದಾಗಿ ಸರಿಸಿದರು.

“ಇಲ್ಲಿ ಮುಟ್ಟಿದ್ದು ಗೊತ್ತಾಯ್ತದಾ?” ಎಂದು ಸೊಸೆಯನ್ನು ಕೇಳಿದರು.

“ಇಲ್ಲ ಅತ್ತೆ.”

“ಇಲ್ಲಿ?”

“ಇಲ್ಲ.”

ಅವರ ಬೆರಳು ಅಂಗೈಯ ನಡುವಿಗೆ ಬಂತು. “ಇಲ್ಲಿ?”

“ಊಂ ಅತ್ತೆ,” ಎಂದಳು ಹುಡುಗಿ. “ಇಲ್ಲಿ ಗೊತ್ತಾಯ್ತದೆ.”

ಅತ್ತೆ ಬೆರಳನ್ನು ತೆಗೆಯಲಿಲ್ಲ. ನಾನು ಎಣ್ಣೆಯ ಬಟ್ಟಲು ತೆಗೆದುಕೊಂಡು ಹೊರಗೆ ಬಂದೆ.